ಮೌಸ್ ಅಲುಗಿಸುವವರೆಗೆ ಅಕ್ಷರ ಮೂಡದ ತೊಂದರೆಗೆ

ನಮಸ್ಕಾರ. ಎಕ್ಸ್11 (ಲಿನಕ್ಸ್‌ನಂತಹ ವ್ಯವಸ್ಥೆಗಳಲ್ಲಿ ಪರದೆಯ ವಿಂಡೋ, ಕೀಲಿಮಣೆ, ಮೌಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಮೇಲೆ ನಡೆಯುವ ನಿಮ್ಮ ತಂತ್ರಾಂಶದಲ್ಲಿ ಒತ್ತಿದ ಅಕ್ಷರವು ಮೌಸ್ ಅಲುಗಿಸಿದ ನಂತರವಷ್ಟೇ ಮೂಡುತ್ತದೆಂದೂ, ಜಿಲಿಬ್‌ನ ಮುಖ್ಯ ಲೂಪ್ (ಈವೆಂಟ್‌ಗಳಿಗೆ, ಅಂದರೆ ಕೀಲಿ ಒತ್ತಿದ, ಮೌಸ್ ಅಲುಗಿದಂತಹ ಸುದ್ದಿಗಳಿಗೆ, ಕಾದು ಕೆಲಸ ನಡೆಸುವ ಸುತ್ತು) ಬಳಸುವ, ನಿಮ್ಮ ತಂತ್ರಾಂಶ ಅವಲಂಬಿಸಿರುವ ಲೈಬ್ರರಿಯನ್ನು ತಿದ್ದದೆಯೇ ಪರಿಹಾರ ಬೇಕೆಂದೂ ಕೇಳಿದ್ದೀರಿ. ಪರಿಹಾರವಿದೆ, ಇದೇ ದೋಷ ನನ್ನನ್ನೂ ಬಹಳ ದಿನ ಕಾಡಿತ್ತು.

ಎಕ್ಸ್11 ಸರ್ವರ್‌ನೊಂದಿಗೆ ಮಾತನಾಡುವ ಲೈಬ್ರರಿಯಾದ ಎಕ್ಸ್‌ಲಿಬ್, ಸಾಕೆಟ್‌ನಿಂದ (ಸರ್ವರ್‌ನೊಂದಿಗಿನ ಸಂಪರ್ಕದಿಂದ) ಓದಿದ ಈವೆಂಟ್‌ಗಳನ್ನು ತನ್ನದೇ ಸರತಿಯಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋದ ಪ್ರಾಪರ್ಟಿ ಕೇಳುವಂತಹ, ಅಂದರೆ ಸರ್ವರ್‌ನ ಉತ್ತರಕ್ಕೆ ಕಾಯುವ ಯಾವುದೇ ಕರೆಯು ಉತ್ತರವನ್ನು ಓದುವಾಗ ಅದರೊಂದಿಗೆ ಬಂದಿರುವ ಕೀಲಿಮಣೆಯ ಈವೆಂಟನ್ನೂ ಓದಿ ಆ ಸರತಿಗೆ ಸೇರಿಸಿಬಿಡುತ್ತದೆ. ಆಗ ಸಾಕೆಟ್ ಬರಿದಾಗಿದ್ದರೂ ಸರತಿಯಲ್ಲಿ ಕೆಲಸ ಬಾಕಿ ಇರುತ್ತದೆ. ನಿಮ್ಮ ಲೈಬ್ರರಿ ಸರತಿಯನ್ನು ನೋಡದೆ ಸಾಕೆಟ್ಟನ್ನಷ್ಟೇ ನೆಚ್ಚಿ ‘ಪೋಲ್’ನಲ್ಲಿ (ಸಾಕೆಟ್‌ಗೆ ಏನಾದರೂ ಬರುವವರೆಗೆ ಕಾಯುವ ಕರೆಯಲ್ಲಿ) ಕಾದು ಕುಳಿತಿರುತ್ತದೆ, ಮೌಸ್ ಅಲುಗಿ ಹೊಸ ಬೈಟ್‌ಗಳು ಬಂದಾಗ ಮಾತ್ರ ಅದಕ್ಕೆ ಎಚ್ಚರವಾಗುತ್ತದೆ.

ಆದ್ದರಿಂದ ನಿಮ್ಮದೇ ಒಂದು ‘ಜಿಸೋರ್ಸ್’ (ಜಿಲಿಬ್‌ನ ಲೂಪ್ ಗಮನಿಸುವ ಈವೆಂಟ್ ಮೂಲ) ರಚಿಸಿ ಅದೇ ಲೂಪ್‌ಗೆ ಜೋಡಿಸಿ. ಅದರ ‘ಪ್ರಿಪೇರ್’ ಫಂಕ್ಷನ್ ‘ಪೋಲ್’ಗಿಂತ ಮೊದಲೇ ಓಡುವುದರಿಂದ, ಅಲ್ಲಿ ಬಾಕಿ ಈವೆಂಟ್‌ಗಳ ಸಂಖ್ಯೆ ಹೇಳುವ ‘ಎಕ್ಸ್‌ಪೆಂಡಿಂಗ್’ ಕರೆದು, ಫಲಿತಾಂಶ ಸೊನ್ನೆಗಿಂತ ಹೆಚ್ಚಿದ್ದರೆ ನಿಜವೆಂದು ಹಿಂದಿರುಗಿಸಿ. ಆಗ ಲೂಪ್ ಕರೆಯುವ ‘ಡಿಸ್‌ಪ್ಯಾಚ್’ ಫಂಕ್ಷನ್‌ನಲ್ಲಿ ಒಂದು ಈವೆಂಟನ್ನು ‘ಎಕ್ಸ್‌ನೆಕ್ಸ್ಟ್‌ಈವೆಂಟ್’ ಮೂಲಕ ತೆಗೆದು ಲೈಬ್ರರಿಯ ಹ್ಯಾಂಡ್ಲರ್‌ಗೆ ಒಪ್ಪಿಸಿದರೆ ಸಾಕು, ಉಳಿದವು ಮುಂದಿನ ಸುತ್ತಿನಲ್ಲಿ ಬರುತ್ತವೆ. ‘ಎಕ್ಸ್‌ಪೆಂಡಿಂಗ್’ ಅನ್ನೇ ಸೂಚಿಸಲು ಕಾರಣವಿದೆ: ಸರತಿ ಬರಿದಾಗಿದ್ದಾಗ ಅದು ಔಟ್‌ಪುಟ್ ಬಫರನ್ನು (ಇನ್ನೂ ಕಳುಹಿಸದ ಕೋರಿಕೆಗಳ ಸಂಗ್ರಹವನ್ನು) ಸರ್ವರ್‌ಗೆ ಕಳುಹಿಸುವುದರಿಂದ, ಚಿತ್ರಿಸುವ ಕೋರಿಕೆಗಳೂ ತಡೆದು ನಿಲ್ಲುವುದಿಲ್ಲ.

20 ಮಿಲಿಸೆಕೆಂಡಿನ ಟೈಮರ್ ಇಟ್ಟು ಸರತಿ ನೋಡುವ ಉಪಾಯವನ್ನು ನಾನು ಮೊದಲು ಮಾಡಿದ್ದೆ. ದಯವಿಟ್ಟು ಅದನ್ನು ಮಾಡಬೇಡಿ. ಸುಮ್ಮನಿರುವ ಯಂತ್ರವನ್ನು ಅದು ಸೆಕೆಂಡಿಗೆ 50 ಬಾರಿ ಎಬ್ಬಿಸುತ್ತದೆ.