ಮನೆಗೆ ಪಡಿತರ ಬಂದರೂ ಕೂಸಿನ ತೂಕ ಏಕೆ ಏರುವುದಿಲ್ಲ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ನಮ್ಮೂರಿನ ಬಡ ಕುಟುಂಬಗಳಿಗೆ ಪಡಿತರ ಅಕ್ಕಿ ಸಿಗುತ್ತಿದೆ. ಆದರೂ ಅಂಗನವಾಡಿಯಲ್ಲಿ ತೂಕ ನೋಡಿದಾಗ ಎಷ್ಟೋ ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿರುವುದಿಲ್ಲ. ಬಡ ದೇಶಗಳಲ್ಲಿ ಮಕ್ಕಳ ಹಸಿವಿಗೆ ಜನಸಂಖ್ಯೆಯೇ ಕಾರಣ ಎನ್ನುತ್ತಾರೆ. ಇದು ನಿಜವೇ? ಪಂಚಾಯಿತಿ ಏನು ಮಾಡಬಹುದು?

ಉತ್ತರ: ಜನಸಂಖ್ಯೆಯೇ ಕಾರಣವೆಂಬ ಮಾತನ್ನು ಒಪ್ಪಲಾಗದು. ಬಾಂಗ್ಲಾದೇಶದಲ್ಲಿ ಜನಸಾಂದ್ರತೆ ಭಾರತದ ಎರಡು ಪಟ್ಟಿಗಿಂತ ಹೆಚ್ಚು. ಆದರೂ ಅಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯ (ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದರ) ಪ್ರಮಾಣ 2004ರಲ್ಲಿ ಶೇ 51ರಷ್ಟಿದ್ದದ್ದು 2022ರ ಹೊತ್ತಿಗೆ ಶೇ 24ಕ್ಕೆ ಇಳಿಯಿತು. ಹೆಣ್ಣುಮಕ್ಕಳ ಶಿಕ್ಷಣ, ಕುಟುಂಬಗಳ ಆದಾಯದ ಏರಿಕೆ ಮತ್ತು ಬಯಲು ಶೌಚದ ನಿವಾರಣೆ ಇದಕ್ಕೆ ನೆರವಾದವು. ಇತ್ತ ಜಗತ್ತಿಗೆ ಅತಿ ಹೆಚ್ಚು ಅಕ್ಕಿ ಮಾರುವ ನಮ್ಮ ದೇಶದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಶೇ 35.5ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಕರ್ನಾಟಕದ ಪ್ರಮಾಣವೂ ಶೇ 35.4.

ಯುದ್ಧ ಮತ್ತು ಬರ ಒಟ್ಟಿಗೆ ಎರಗಿದಾಗ ಆಹಾರವೇ ಸಿಗದಿರುವುದುಂಟು. 2011ರ ಸೊಮಾಲಿಯಾ ಕ್ಷಾಮದಲ್ಲಿ ಸತ್ತ ಸುಮಾರು 2.6 ಲಕ್ಷ ಜನರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ನಿಮ್ಮೂರಿನ ಹಸಿವು ಸದ್ದಿಲ್ಲದ್ದು, ದಿನನಿತ್ಯದ್ದು. ಹಾಗಾಗಿಯೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ಅದು ಬಹುಮಟ್ಟಿಗೆ ಗರ್ಭದಲ್ಲಿ ಆರಂಭವಾಗಿ ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ಬೇರೂರುತ್ತದೆ. ಬೇಗ ಮದುವೆಯಾಗಿ, ರಕ್ತಹೀನತೆಯಿಂದ ಬಳಲುತ್ತಲೇ ಬಸುರಿಯಾಗಿ, ದಿನ ತುಂಬುವವರೆಗೂ ಕೂಲಿಗೆ ಹೋಗುವ ತಾಯಿಗೆ ಹುಟ್ಟುವ ಕೂಸು ಎಷ್ಟೋ ಸಲ ಕಡಿಮೆ ತೂಕದ್ದಾಗಿರುತ್ತದೆ. ಆರು ತಿಂಗಳವರೆಗೆ ಎದೆಹಾಲು ಸಾಕು; ಅನಂತರ ಸಾಲದು. ಏಳು ಕಿಲೋ ತೂಕದ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರ್ ಮಾತ್ರ. ತೆಳ್ಳನೆಯ ಗಂಜಿಯೋ ಅನ್ನದ ತಿಳಿಯೋ ಆ ಜಾಗವನ್ನು ತುಂಬಿಬಿಡುತ್ತದೆ, ಮಗು ಅಳು ನಿಲ್ಲಿಸುತ್ತದೆ, ಆದರೆ ಬೆಳವಣಿಗೆಗೆ ಬೇಕಾದ ಶಕ್ತಿಯಾಗಲಿ ಪ್ರೋಟೀನ್ ಆಗಲಿ ಅದರಲ್ಲಿರುವುದಿಲ್ಲ. ಗಟ್ಟಿಯಾಗಿ ಮಸೆದ ಅನ್ನ, ಬೇಳೆ, ಮೊಟ್ಟೆ, ಸೊಪ್ಪು, ಒಂದು ಚಮಚ ಎಣ್ಣೆ, ಇವನ್ನು ದಿನಕ್ಕೆ ಹಲವು ಬಾರಿ ಕುಳಿತು ತಿನ್ನಿಸಬೇಕು. ಅದೇ ಸಮೀಕ್ಷೆಯ ಪ್ರಕಾರ, ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿರುವವರು ದೇಶದಲ್ಲಿ ನೂರಕ್ಕೆ ಹನ್ನೊಂದು ಮಂದಿ ಮಾತ್ರ.

ತಾಯಂದಿರಿಗೆ ತಿಳಿವಳಿಕೆ ಇಲ್ಲವೆಂದು ಇದಕ್ಕೆ ಸಲೀಸಾಗಿ ಕಾರಣ ಹೇಳುವವರಿದ್ದಾರೆ. ನನಗೆ ಅದು ಅನ್ಯಾಯದ ಮಾತಾಗಿ ಕಾಣುತ್ತದೆ. ಹತ್ತಿ ಬಿಡಿಸಲು ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಮರಳುವ ಹೆಣ್ಣುಮಗಳಿಗೆ ಇಲ್ಲದಿರುವುದು ಸಮಯ, ಮತ್ತು ಬೇಳೆ, ಮೊಟ್ಟೆ ಕೊಳ್ಳುವಷ್ಟು ಹಣ. ಕೂಸನ್ನು ಎಂಟು ವರ್ಷದ ಅಕ್ಕನೋ ಕಣ್ಣು ಮಂಜಾದ ಅಜ್ಜಿಯೋ ನೋಡಿಕೊಳ್ಳುತ್ತಾರೆ. ಇದರ ಮೇಲೆ ಕೊಳಕು ನೀರಿನಿಂದ ಪದೇಪದೇ ಭೇದಿಯಾದರೆ, ತಿಂದದ್ದನ್ನು ಹೀರಿಕೊಳ್ಳುವ ಸಾಮರ್ಥ್ಯವನ್ನೇ ಕರುಳು ಕಳೆದುಕೊಳ್ಳುತ್ತದೆ.

ಸರ್ಕಾರದ ವ್ಯವಸ್ಥೆ ಸಡಿಲವಾಗಿರುವುದೂ ಇದೇ ವಯಸ್ಸಿನಲ್ಲಿ. ಅಂಗನವಾಡಿಯ ಬಿಸಿಯೂಟ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಡುವ ಪೊಟ್ಟಣ ಮನೆಮಂದಿಯ ನಡುವೆ ಹಂಚಿಹೋಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವಿನ ಭರವಸೆ ನೀಡಿತು. ಜಾರಿಗೆ ಬಂದ ಕೇಂದ್ರದ ಯೋಜನೆ ಮೊದಲ ಮಗುವಿಗೆ ಕೊಟ್ಟದ್ದು 5,000.

ನಿಮ್ಮ ಪಂಚಾಯಿತಿಯ ಕೈಯಲ್ಲಿರುವ ಉಪಾಯಗಳಲ್ಲಿ ನಾನು ಮೊದಲು ಹೆಸರಿಸುವುದು ‘ಕೂಸಿನ ಮನೆ’ಯನ್ನು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದು ರಾಜ್ಯ ಸರ್ಕಾರ ರೂಪಿಸಿದ ಈ ಶಿಶುಪಾಲನಾ ಕೇಂದ್ರ ನಿಮ್ಮಲ್ಲಿ ಇದೆಯೇ, ಭತ್ತದ ನಾಟಿ ಮತ್ತು ಹತ್ತಿ ಬಿಡಿಸುವ ದಿನಗಳಲ್ಲೂ ಬಾಗಿಲು ತೆರೆದಿರುತ್ತದೆಯೇ, ಅಲ್ಲಿ ದಿನಕ್ಕೆ ಎಷ್ಟು ಬಾರಿ ಏನನ್ನು ತಿನ್ನಿಸುತ್ತಾರೆ ಎಂಬುದನ್ನು ನೀವೇ ಹೋಗಿ ನೋಡಿ. ಗುಳೆ ಹೊರಡುವ ಕುಟುಂಬಗಳ ಪಟ್ಟಿ ಮಾಡಿ, ಅವರು ತಲುಪುವ ಊರಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ದಾಖಲಾಗುವಂತೆ ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಮಾತನಾಡಿ. ಆರು ತಿಂಗಳು ದಾಟಿದ ಮಕ್ಕಳ ತೋಳಿನ ಸುತ್ತಳತೆಯನ್ನು ತಪ್ಪದೆ ಅಳೆಸಿ, ಅದು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಅಗತ್ಯವೆಂದಾದಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಕೆಲವು ದಿನ ಇರಿಸಿಕೊಂಡು ಉಪಚರಿಸುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಮಗುವಿನೊಂದಿಗೆ ಉಳಿಯುವ ತಾಯಿಗೆ ಆ ದಿನಗಳ ಕೂಲಿ ತಪ್ಪುತ್ತದೆ, ಅದರ ಭಯಕ್ಕೇ ಎಷ್ಟೋ ತಾಯಂದಿರು ಅರ್ಧದಲ್ಲಿ ಮರಳಿಬಿಡುತ್ತಾರೆ; ಆದ್ದರಿಂದ ಆಕೆಗೆ ಸಿಗಬೇಕಾದ ಭತ್ಯೆ ಕೈಸೇರಿತೇ ಎಂದು ವಿಚಾರಿಸುವುದನ್ನೂ ಮರೆಯಬೇಡಿ.