ಕಣ್ಣು ಮುಚ್ಚಿದರೆ ಅಮ್ಮನ ಮುಖ ಕಾಣುವುದಿಲ್ಲ

ಪ್ರಶ್ನೆ: ಮೇಡಂ, ಅಮ್ಮ ತೀರಿಕೊಂಡು ವರ್ಷವಾಯಿತು. ಅಕ್ಕ ಕಣ್ಣು ಮುಚ್ಚಿದರೆ ಸಾಕು, ಅಮ್ಮ ಎದುರಿಗೇ ನಿಂತ ಹಾಗೆ ಕಾಣುತ್ತಾರಂತೆ. ನನಗೆ ಬರೀ ಕತ್ತಲು. ಚಿಕ್ಕಂದಿನಿಂದಲೂ ಅಷ್ಟೇ, ಏನನ್ನು ನೆನೆದರೂ ಚಿತ್ರ ಬರುವುದಿಲ್ಲ. ಮರೆವೇನೂ ಇಲ್ಲ. ಅಮ್ಮನ ಮೇಲೆ ನನಗೆ ಪ್ರೀತಿ ಕಡಿಮೆಯಾ?
– ಹೆಸರು ಬೇಡ

ಉತ್ತರ: ಖಂಡಿತ ಇಲ್ಲ. ಪ್ರೀತಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಕಾಯಿಲೆಯೂ ಅಲ್ಲ. ಬೆಳಗಿನ ತಿಂಡಿಯ ಮೇಜನ್ನು ನೆನೆದುಕೊಂಡು ಏನು ಕಾಣುತ್ತದೆ ಹೇಳಿ ಅಂತ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹಲವರನ್ನು ಕೇಳಿದ್ದರು. ಏನೂ ಕಾಣುವುದಿಲ್ಲ ಅಂದವರ ಬಗ್ಗೆ 1880ರಲ್ಲೇ ಬರೆದರು. ಇದಕ್ಕೆ 'ಅಫ್ಯಾಂಟೇಸಿಯಾ' ಅನ್ನುವ ಹೆಸರು ಬಂದದ್ದು 2015ರಲ್ಲಿ. ಇಟ್ಟವರು ನರರೋಗ ತಜ್ಞ ಆಡಮ್ ಝೀಮನ್ ಮತ್ತು ಅವರ ಜೊತೆಗಾರರು.

ನನ್ನ ಹತ್ತಿರ ಬರುವವರನ್ನು ನಾನು ಮೊದಲು ಕೇಳುವುದು, ನಿಮ್ಮ ಮನೆಗೆ ಎಷ್ಟು ಕಿಟಕಿ ಅಂತ. ಹೆಚ್ಚಿನವರು ಸುಮ್ಮನಾಗುತ್ತಾರೆ, ಮನಸ್ಸಿನಲ್ಲೇ ಕೋಣೆ ಕೋಣೆ ಸುತ್ತಿ ಎಣಿಸುತ್ತಾರೆ. ನಿಮ್ಮಂಥವರೂ ಸರಿಯಾಗಿ ಎಣಿಸುತ್ತಾರೆ. ಚಿತ್ರ ಕಾಣದಿದ್ದರೂ ಯಾವುದು ಎಲ್ಲಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ನೀವೂ ಈಗಲೇ ಎಣಿಸಿ ನೋಡಿ.

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಕೋಣೆಯ ಫೋಟೋ ತೋರಿಸಿ, ಆಮೇಲೆ ನೆನಪಿನಿಂದ ಬಿಡಿಸಲು ಹೇಳಿದರು. ಚಿತ್ರ ಕಾಣದವರು ಕಡಿಮೆ ಸಾಮಾನು ಬಿಡಿಸಿದರು, ಬಣ್ಣವನ್ನೂ ಕಡಿಮೆ ಬಳಸಿದರು. ಆದರೆ ಜಾಗ ತಪ್ಪಲಿಲ್ಲ. ಫೋಟೋದಲ್ಲಿ ಇಲ್ಲದ್ದನ್ನು ಸೇರಿಸಿದ್ದು ಜಾಸ್ತಿ ಉಳಿದವರೇ! ಹಾಗಾಗಿ ಅಕ್ಕನಿಗೆ ಕಾಣುವ ಅಮ್ಮನಲ್ಲೂ ಅಕ್ಕನ ಮನಸ್ಸು ತುಂಬಿಸಿದ್ದು ಸ್ವಲ್ಪ ಇರಬಹುದು. ಅದರಿಂದ ಅವರ ನೆನಪಿನ ಬೆಲೆ ಕಡಿಮೆಯಾಗುವುದಿಲ್ಲ, ನಿಮ್ಮದೂ ಅಷ್ಟೇ. ಗುಂಪಿನಲ್ಲಿ ಬೆನ್ನು ಕಂಡರೂ ಅಮ್ಮನನ್ನು ಗುರುತು ಹಿಡಿಯುತ್ತಿದ್ದಿರಿ ಅಲ್ವಾ?

ಒಂದು ಎಚ್ಚರಿಕೆ. ಮೊದಲು ಕಾಣುತ್ತಿದ್ದ ಚಿತ್ರಗಳು ಇದ್ದಕ್ಕಿದ್ದಂತೆ ನಿಂತುಹೋದರೆ ವೈದ್ಯರನ್ನು ನೋಡಲೇಬೇಕು. ಹೃದಯದ ಚಿಕಿತ್ಸೆಯ ನಂತರ ಹಾಗಾದ 65 ವರ್ಷದ ಒಬ್ಬರ ಬಗ್ಗೆ ಝೀಮನ್ 2010ರಲ್ಲಿ ಬರೆದಿದ್ದಾರೆ. ನಿಮ್ಮದು ಚಿಕ್ಕಂದಿನಿಂದ ಇರುವುದು, ಆ ಭಯ ಬೇಡ.

ಅಮ್ಮನ ಫೋಟೋ ಕೈಗೆ ಸಿಗುವ ಕಡೆ ಇಡಿ. ದನಿಯ ರೆಕಾರ್ಡಿಂಗ್ ಇದ್ದರೆ ಇನ್ನೊಂದು ಕಡೆಯೂ ಉಳಿಸಿಕೊಳ್ಳಿ. ಅಕ್ಕನ ಜೊತೆ ಕೂತು ಅಮ್ಮನ ಬಗ್ಗೆ ಮಾತಾಡಿ, ಅವರು ಹೇಳಿದ್ದನ್ನು ಬರೆದಿಡಿ. ಅಂದ ಹಾಗೆ, ಕನಸಿನಲ್ಲಿ ಅಮ್ಮ ಕಾಣುತ್ತಾರಾ? ಎಚ್ಚರದಲ್ಲಿ ಏನೂ ಕಾಣದ ಅನೇಕರಿಗೆ ಕನಸಿನಲ್ಲಿ ಚಿತ್ರ ಬರುತ್ತದೆ. ಮುಂದಿನ ಪತ್ರದಲ್ಲಿ ತಿಳಿಸಿ.