ಆರನೇ ಅಟೆಂಪ್ಟ್‌ಗೆ ಮುಂಚೆ

ವಯಸ್ಸು 29. ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದು ಯುಪಿಎಸ್‌ಸಿಗೆ ಓದುತ್ತಿರುವ ಹುಡುಗಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಜನರಲ್ ಕೆಟಗರಿ, ಅಂದರೆ ಒಟ್ಟು 6 ಅಟೆಂಪ್ಟ್. ಅದರಲ್ಲಿ 5 ಮುಗಿದಿವೆ. ಸಲಹೆ ಕೇಳಿ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಗುರಿಯ ಬಗ್ಗೆ ಮಾತೇ ಬೇಡ, ಅದು ಸರಿಯಾಗೇ ಇದೆ ಅನ್ನೋದು ಅವಳ ನಂಬಿಕೆ.

ಮೊಬೈಲಿನಲ್ಲಿ ಟೈಮ್‌ಟೇಬಲ್ ತೋರಿಸಿದಳು. ಬೆಳಗ್ಗೆ ನಾಲ್ಕೂವರೆಗೆ ಶುರು, ರಾತ್ರಿ ಹನ್ನೊಂದಕ್ಕೆ ಮುಕ್ತಾಯ, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ, ಊಟಕ್ಕೆ ಇಪ್ಪತ್ತು ನಿಮಿಷ. ಅದನ್ನು ಮಾಡಿದ್ದು ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆಯ ಲಿಸ್ಟಿನಲ್ಲಿ ಐದನೇ ಸಲ ತನ್ನ ನಂಬರ್ ಇಲ್ಲ ಅಂತ ಗೊತ್ತಾದ ಸಂಜೆಯೇ. ಅಳೋದಕ್ಕೂ ಪುರುಸೊತ್ತು ಕೊಟ್ಟುಕೊಂಡಿರಲಿಲ್ಲ.

ಹಠ, ಆತುರ, ಸದಾ ಗಡಿಯಾರದ ಮೇಲೆ ಕಣ್ಣು ಇರುವವರನ್ನು 1950ರ ದಶಕದಲ್ಲಿ ಗುರುತಿಸಿ 'ಟೈಪ್ ಎ' ಅಂದವರು ಅಮೆರಿಕದ ಹೃದಯತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್. ನನಗೆ ಆ ಹಣೆಪಟ್ಟಿ ಅಷ್ಟು ಮುಖ್ಯ ಅಲ್ಲ. ಮಹತ್ವಾಕಾಂಕ್ಷೆ ಇರುವವರು ಗುರಿ ಬದಲಿಸುವುದೇ ಇಲ್ಲ ಅಂತಾರಲ್ಲ, ಅದು ಸುಳ್ಳು. ಬದಲಿಸುತ್ತಾರೆ, ಮೇಲಕ್ಕೆ ಮಾತ್ರ. ಈಕೆಗೂ ಮೊದಲ ಸಲ ಯಾವ ಸರ್ವೀಸ್ ಆದರೂ ನಡೆಯುತ್ತಿತ್ತು. ಮೂರನೇ ಸೋಲಿನ ಹೊತ್ತಿಗೆ ಐಎಎಸ್ ಮಾತ್ರ ಅಂತಾಯಿತು, ಈಗ ಕರ್ನಾಟಕ ಕೇಡರೇ, ಅಂದರೆ ನಮ್ಮ ರಾಜ್ಯದಲ್ಲೇ ಕೆಲಸ, ಬೇಕು. ಕಳೆದ ವರ್ಷಗಳನ್ನು ಬಡ್ಡಿ ಸಮೇತ ವಸೂಲಿ ಮಾಡಬೇಕಲ್ವಾ!

ಐದರಲ್ಲಿ ಮೂರು ಸಲ ಅವಳು ಎಡವಿದ್ದು ಸಿಸ್ಯಾಟ್‌ನಲ್ಲಿ, ಅಂದರೆ ಪ್ರಿಲಿಮ್ಸ್‌ನಲ್ಲಿ ಗಣಿತ, ತರ್ಕ ಇರುವ, ಪಾಸಾದರೆ ಸಾಕಾಗುವ ಪತ್ರಿಕೆಯಲ್ಲಿ. 200 ಅಂಕದ ಪತ್ರಿಕೆ, ಶೇ 33, ಅಂದರೆ 66 ಬಂದರೆ ಸಾಕು. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಭಾನುವಾರ ಒಂದು ಗಂಟೆ. ಉಳಿದದ್ದೆಲ್ಲ ಮೊದಲೇ ಚೆನ್ನಾಗಿ ಬರುವ ಪಾಲಿಟಿ, ಎಕಾನಮಿಗೆ. ಗಣಿತದ ಮುಂದೆ ಕೂತರೆ ತಾನೂ ಎಲ್ಲರ ಹಾಗೆ ಸಾಧಾರಣ ಅನ್ನಿಸಿಬಿಡುತ್ತದೆ, ಅದನ್ನು ಇಂಥವರು ಸಹಿಸುವುದಿಲ್ಲ.

"ಬಿಟ್ಬಿಡು ಅಂತೀರಾ ಮೇಡಂ?"

ಹಾಗನ್ನಲಿಲ್ಲ. ಹಳೆಯ ಸಿಸ್ಯಾಟ್ ಪತ್ರಿಕೆಗಳನ್ನು ಎರಡು ಗಂಟೆ ಟೈಮರ್ ಇಟ್ಟು ಬಿಡಿಸಿ, ಸತತ ಐದರಲ್ಲಿ 80 ದಾಟಿದರೆ ಮಾತ್ರ ಪರೀಕ್ಷೆಗೆ ಹೋಗಿ ಅಂದೆ. ಸುಮ್ನೆ ಅರ್ಜಿ ಹಾಕಿದರೆ ಅಟೆಂಪ್ಟ್ ಲೆಕ್ಕಕ್ಕೆ ಬರುವುದಿಲ್ಲ. ಪ್ರಿಲಿಮ್ಸ್‌ನ ಒಂದೇ ಪತ್ರಿಕೆ ಬರೆದರೂ ಬರುತ್ತದೆ. ವಯಸ್ಸಿನ ಮಿತಿ 32. ಈ ವರ್ಷ ಬಿಟ್ಟರೆ ಏನೂ ಮುಳುಗಿಹೋಗುವುದಿಲ್ಲ.

ನಾನು ಹೇಳಿದ ಎರಡನೇ ಮಾತು, ಆರನೇ ಅಟೆಂಪ್ಟೂ ಆಗದಿದ್ದರೆ ಮುಂದೇನು ಅನ್ನೋದನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಫಲಿತಾಂಶದ ಸಂಜೆ ಹೊಸ ಗುರಿ, ಹೊಸ ಟೈಮ್‌ಟೇಬಲ್ ಎರಡೂ ಬೇಡ.

ಇನ್ನು ಕೆಲಸದ ವಿಷಯ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಆಗಿದೆ, ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬನ್ನಿ ಅಂತ ಕೇಳಿದ್ದಾರೆ, ಇವಳಿಗೆ ಅದು ಅವಮಾನ. ಕೈಗೂಡದ ಗುರಿಯನ್ನು ಬಿಡುವುದು, ಬೇರೊಂದನ್ನು ಹಿಡಿಯುವುದು ಎರಡೂ ಬಲ್ಲವರಿಗೆ ನೆಮ್ಮದಿ ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ಕಾರ್ಸ್ಟನ್ ವ್ರೋಶ್ ಮತ್ತವರ ಜೊತೆಗಾರರು 2003ರಲ್ಲೇ ತೋರಿಸಿದ್ದಾರೆ. ಬಿಡುವ ಮಾತು ಆಮೇಲಿರಲಿ, ಹಿಡಿಯೋಕೆ ಒಂದು ಕೈಯಲ್ಲಿರಲಿ ಅಂದೆ.

ಈಗ ಪಾಠ ಮಾಡುತ್ತಿದ್ದಾಳೆ. ನಿದ್ದೆ ಪರವಾಗಿಲ್ಲ. ಆ 'ಮುಂದೇನು' ಹಾಳೆ ಮಾತ್ರ ಇನ್ನೂ ಖಾಲಿ, ಬರೆದರೆ ಅಪಶಕುನ ಅಂತೆ. ಮೊನ್ನೆ ಮೆಸೇಜ್ ಬಂತು: ಸಿಸ್ಯಾಟ್ 71ಕ್ಕೆ ನಿಂತಿದೆ ಮೇಡಂ, 80 ಅಂದದ್ದನ್ನು 70 ಮಾಡಬಹುದಾ? ಆಗಲ್ಲ ಅಂದೆ.